ಜಾರಿದವರನ್ನು ನಿಲ್ಲಿಸುವ ಸ್ಥಿತಿಕರಣ

ಮೋಕ್ಷಮಾರ್ಗದ ಮೊದಲ ಮೆಟ್ಟಿಲಾದ ಸಮ್ಯಗ್ದರ್ಶನಕ್ಕೆ ಜೈನಾಚಾರ್ಯರು ಎಂಟು ಅಂಗಗಳನ್ನು ಹೇಳಿದ್ದಾರೆ. ನಿಃಶಂಕಿತ, ನಿಃಕಾಂಕ್ಷಿತ, ನಿರ್ವಿಚಿಕಿತ್ಸೆ, ಅಮೂಢದೃಷ್ಟಿ ಎಂಬ ಮೊದಲ ನಾಲ್ಕು ಸಾಧಕನ ಸ್ವಂತ ಮನಸ್ಸನ್ನು ತಿದ್ದುವಂಥವು. ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ, ಪ್ರಭಾವನೆ ಎಂಬ ಉಳಿದ ನಾಲ್ಕು ಅವನನ್ನು ಜೊತೆಗಾರರ ಕಡೆಗೆ ತಿರುಗಿಸುತ್ತವೆ. ಶ್ರದ್ಧೆಯಿಂದಲೋ ಆಚರಣೆಯಿಂದಲೋ ಜಾರುತ್ತಿರುವವನನ್ನು ಪ್ರೀತಿಯಿಂದ ಹಿಡಿದು, ಅವನ ನೆಲೆಯಲ್ಲಿಯೇ ಮತ್ತೆ ನಿಲ್ಲಿಸುವುದು ಸ್ಥಿತಿಕರಣ. ಕೇಳಲು ಇದು ಶಾಸ್ತ್ರದ ಮಾತು; ನಡೆದು ತೋರಿಸಬೇಕಾದದ್ದು ಮಾತ್ರ ದಿನನಿತ್ಯದ ದಾರಿಯಲ್ಲಿ.

ಬೆನ್ನಿಗೆ ಚೀಲ ಕಟ್ಟಿಕೊಂಡು ಕುಮಾರಪರ್ವತ ಏರಹೊರಟ ನಾಲ್ವರು ಗೆಳೆಯರನ್ನು ಕಲ್ಪಿಸಿಕೊಳ್ಳಬಹುದು. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವ ಈ ಬೆಟ್ಟದ ಎತ್ತರ 1,712 ಮೀಟರ್. ನಾಲ್ವರಲ್ಲಿ ಒಬ್ಬ ಜೈನ ತರುಣ. ಸೂರ್ಯಾಸ್ತದ ನಂತರ ಉಣ್ಣುವುದಿಲ್ಲವೆಂಬ ನಿಯಮ ಹಿಡಿದವನು. ಶಿಖರ ಕಂಡು ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಅವನ ಕಾಲು ಹೊರಳುತ್ತದೆ. ಕಣಕಾಲು ಊದಿಕೊಂಡು ನಡಿಗೆ ನಿಂತುಹೋಗುತ್ತದೆ. ಒಬ್ಬ ಗೆಳೆಯ ಅಂಗವಸ್ತ್ರವನ್ನು ಬಿಗಿಯಾಗಿ ಸುತ್ತಿ ಕಾಲನ್ನು ಕಟ್ಟುತ್ತಾನೆ. ಇನ್ನೊಬ್ಬ ಅವನ ಚೀಲವನ್ನು ತನ್ನ ಚೀಲದ ಮೇಲೆ ಹೊರುತ್ತಾನೆ. ಮತ್ತೊಬ್ಬ ಹೆಗಲು ಕೊಡುತ್ತಾನೆ. ಬೇಗ ನಡೆಯಬಲ್ಲವರೂ ನಡೆಯಲಾರದವನ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸುತ್ತಾರೆ.

ಹೊತ್ತು ಇಳಿಯತೊಡಗುತ್ತದೆ. ಊಟಕ್ಕೆಂದು ನೆಚ್ಚಿದ್ದ ಗಿರಿಗದ್ದೆ ತಲುಪುವಷ್ಟರಲ್ಲಿ ಕತ್ತಲಾಗುವುದು ಖಚಿತ. ನೋವು, ಹಸಿವು, ಎಲ್ಲರನ್ನೂ ತಡಮಾಡಿಸಿದ ಸಂಕೋಚ ಮೂರೂ ಸೇರಿ ಆ ತರುಣನ ಮನಸ್ಸು ಕುಸಿಯುತ್ತದೆ. ‘ಇವತ್ತೊಂದು ದಿನ ನನ್ನ ನಿಯಮ ಬಿಡೋಣ, ರಾತ್ರಿಯೇ ಊಟ ಮಾಡಿದರಾಯಿತು’ ಎನ್ನುತ್ತಾನೆ. ಆಗ ಜೈನನಲ್ಲದ ಗೆಳೆಯನೇ ಅವನನ್ನು ಬಂಡೆಯ ಮೇಲೆ ಕೂರಿಸಿ, ಚೀಲದ ತಳದಿಂದ ಅವಲಕ್ಕಿ, ಬೆಲ್ಲ ತೆಗೆಯುತ್ತಾನೆ. ‘ಕಾಲು ಜಾರಿತು ಮಾರಾಯ, ನಿಯಮ ಯಾಕೆ ಜಾರಬೇಕು?’ ಎಂದು ಅವನ ಕೈಗಿಡುತ್ತಾನೆ. ಬಟ್ಟೆಯಲ್ಲಿ ಸೋಸಿದ ನೀರೂ ಸಿದ್ಧವಾಗುತ್ತದೆ. ಬೆಳಕಿರುವಾಗಲೇ ನಾಲ್ವರೂ ಹಂಚಿಕೊಂಡು ತಿನ್ನುತ್ತಾರೆ.

ಕಾಲಿಗೆ ಕಟ್ಟು ಹಾಕಿದ್ದು ದಯೆ. ವ್ರತ ಕೆಡದಂತೆ ಕಾದದ್ದು ಸ್ಥಿತಿಕರಣ. ದಯೆ ದೇಹದ ನೋವನ್ನು ನೋಡುತ್ತದೆ. ಸ್ಥಿತಿಕರಣ ಆ ನೋವಿನ ಮರೆಯಲ್ಲಿ ಸಡಿಲಗೊಳ್ಳುತ್ತಿರುವ ಮನಸ್ಸನ್ನೂ ನೋಡುತ್ತದೆ. ಊರಿಗೆ ಮರಳಿದ ಮೇಲೆ ಗೆಳೆಯನ ಎಡವಟ್ಟನ್ನು ನಗೆಯ ಸರಕಾಗಿಸದೆ ಉಳಿದರೆ ಅದು ಉಪಗೂಹನ. ಇವೆಲ್ಲವನ್ನೂ ಉಪಕಾರವೆಂದು ಎಣಿಸದೆ, ಕರುವಿನ ಬಳಿ ಹಸು ಓಡಿಬರುವಷ್ಟು ಸಹಜವಾಗಿ ಮಾಡಿದರೆ ಅದು ವಾತ್ಸಲ್ಯ.

ಸ್ಥಿತಿಕರಣಕ್ಕೆ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ವಾರಿಷೇಣನ ಹೆಸರನ್ನು ಹೇಳುತ್ತದೆ. ವಾರಿಷೇಣ ಮಗಧದ ಅರಸ ಶ್ರೇಣಿಕನ ಮಗ. ರಾಜ್ಯವನ್ನು ತೊರೆದು ಮುನಿಯಾದವನು. ಅವನ ಗೆಳೆಯ ಪುಷ್ಪಡಾಲನೂ ದೀಕ್ಷೆ ಪಡೆದ. ಆದರೆ ಅವನ ಮನಸ್ಸು ಬಿಟ್ಟುಬಂದ ಹೆಂಡತಿಯ ಬಳಿಯೇ ಉಳಿಯಿತು. ಇದನ್ನರಿತ ವಾರಿಷೇಣ ಗದರಲಿಲ್ಲ, ಸಂಘದೆದುರು ಹೀಗಳೆಯಲಿಲ್ಲ. ಗೆಳೆಯನನ್ನು ಅರಮನೆಗೆ ಕರೆದೊಯ್ದು, ತಾನು ತೊರೆದಿದ್ದ ಸುಂದರಿಯರಾದ ರಾಣಿಯರನ್ನೂ ಯುವರಾಜ ಪದವಿಯನ್ನೂ ತೋರಿಸಿ, ಬೇಕಾದರೆ ಸ್ವೀಕರಿಸು ಎಂದ. ಇಷ್ಟೆಲ್ಲವನ್ನು ಬಿಟ್ಟವನ ಎದುರು ತನ್ನ ಆಸೆ ಎಷ್ಟು ಚಿಕ್ಕದೆಂದು ಪುಷ್ಪಡಾಲನಿಗೆ ತಾನಾಗಿಯೇ ಹೊಳೆಯಿತು. ಅವನು ಮತ್ತೆ ತಪಸ್ಸಿನಲ್ಲಿ ದೃಢವಾಗಿ ನಿಂತ.

ನೆರವು ನೀಡುವುದರಂತೆ ಪಡೆಯುವುದೂ ಸಾಧನೆಯೇ. ‘ನನ್ನಿಂದ ಯಾರಿಗೂ ಹೊರೆಯಾಗಬಾರದು’ ಎಂಬ ಮಾತು ಎಷ್ಟೋ ಸಲ ವಿನಯದ ವೇಷ ತೊಟ್ಟ ಮಾನಕಷಾಯವಾಗಿರುತ್ತದೆ. ಒಂದು ಜೀವ ಇನ್ನೊಂದಕ್ಕೆ ಆಸರೆಯಾಗುವುದೇ ಜೀವಗಳ ಉಪಕಾರವೆಂದು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ತಿಳಿಸುತ್ತದೆ. ಆಸರೆ ಕೊಡುವವನೂ ಪಡೆಯುವವನೂ ಈ ಮಾತಿನೊಳಗೆ ಸಮಾನರು. ಇಂದು ಹೆಗಲು ಕೊಟ್ಟವನಿಗೆ ನಾಳೆ ಹೆಗಲು ಬೇಕಾಗಬಹುದು.

ಕನ್ನಡ ನೆಲದ ಜೈನ ಪರಂಪರೆಯ ಆರಂಭದಲ್ಲಿಯೇ ಇಂಥದೊಂದು ಪಯಣದ ನೆನಪಿದೆ. ಉತ್ತರದಲ್ಲಿ 12 ವರ್ಷಗಳ ಕ್ಷಾಮ ಬರಲಿದೆಯೆಂದು ಅರಿತ ಶ್ರುತಕೇವಲಿ ಭದ್ರಬಾಹುಗಳು ಸಂಘದೊಡನೆ ದಕ್ಷಿಣಕ್ಕೆ ಬಂದರು. ಶ್ರವಣಬೆಳಗೊಳದ ಕಟವಪ್ರ ಬೆಟ್ಟದಲ್ಲಿ ತಮ್ಮ ಅಂತ್ಯ ಸಮೀಪಿಸಿತೆಂದು ತಿಳಿದು ಸಂಘವನ್ನು ಮುಂದೆ ಕಳುಹಿಸಿದರು. ಗುರುವಿನ ಸೇವೆಗೆಂದು ಶಿಷ್ಯನೊಬ್ಬ ಮಾತ್ರ ಹಿಂದೆ ಉಳಿದ. ಅವನೇ ಸಾಮ್ರಾಜ್ಯವನ್ನು ತೊರೆದು ಬಂದ ಚಂದ್ರಗುಪ್ತನೆಂದು ಪರಂಪರೆ ನಂಬುತ್ತದೆ. ಆ ಬೆಟ್ಟ ಇಂದು ಚಂದ್ರಗಿರಿ ಎಂದು ಕರೆಸಿಕೊಳ್ಳುತ್ತಿದೆ. ಮುಂದೆ ಸಾಗಲಾರದವರ ಬಳಿ ನಿಂತವನ ಹೆಸರು ಅದು.