ದುಡಿಮೆಗೆ ಹೊರದೇಶಕ್ಕೆ ಹೊರಡುವ ಮುನ್ನ

ನಮ್ಮ ತಾಲ್ಲೂಕುಗಳಿಂದ ಗಲ್ಫ್‌ಗೆ ಒಬ್ಬರೇ ಹೊರಡುವ ಮಕ್ಕಳ ತಂದೆ-ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಎಸ್‌ಎಸ್‌ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ಇಸಿಆರ್' ಗುರುತು ಬೀಳುತ್ತದೆ. ಸೌದಿ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರು 1983ರ ವಲಸೆ ಕಾಯ್ದೆಯಂತೆ ಸರ್ಕಾರದ ಅನುಮತಿ ಪಡೆಯಲೇಬೇಕು. 'ವಿಸಿಟ್ ವೀಸಾದಲ್ಲಿ ಕಳಿಸಿ, ಅಲ್ಲೇ ಕೆಲಸ ಕೊಡಿಸುತ್ತೇವೆ' ಎನ್ನುವವರನ್ನು ನಂಬಬೇಡಿ. ಆ ದಾರಿಯಲ್ಲಿ ಈ ಅನುಮತಿಯೂ ಇಲ್ಲ, ಅದರೊಂದಿಗೆ ಸಿಗುವ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ವಿಮೆಯೂ ಇಲ್ಲ. ನೋಂದಾಯಿತ ಏಜೆಂಟರು 30,000 ರೂಪಾಯಿ ಹಾಗೂ ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಅವರ ಹೆಸರನ್ನು ಇ-ಮೈಗ್ರೇಟ್‌ನಲ್ಲಿ ನೋಡಿಕೊಳ್ಳಿ. ಕರಾರುಪತ್ರ ಓದಿಸಿ ತಿಳಿದುಕೊಂಡೇ ಸಹಿ ಹಾಕಿಸಿ.

ಎಸ್‌ಎಸ್‌ಎಲ್‌ಸಿ ಮರುಪರೀಕ್ಷೆ ಬರೆಯುವವರೂ ಈ ಸಾಲಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ದಾನಿಗಳೇ, ನಿಮ್ಮ ನೆರವಿನಿಂದ ಪಾಸಾಗುವ ಒಂದೊಂದು ಮಗುವಿನ ಪಾಸ್‌ಪೋರ್ಟಿಗೂ ಆ ಗುರುತು ಬೀಳದು.