ಎರೆಭೂಮಿಯಲ್ಲಿ ಕಟ್ಟಡ: ಶಿವನಿ ಪರಿಸರದ ಹಿನ್ನೆಲೆಯಲ್ಲಿ ತಳಪಾಯ ಮತ್ತು ಗೋಡೆಯ ಸಂಶೋಧನೆಗಳು

ಕಟ್ಟಡದ ಆಯುಷ್ಯ ಬಹುಮಟ್ಟಿಗೆ ಅದು ನಿಂತಿರುವ ನೆಲದ ಗುಣವನ್ನು ಅವಲಂಬಿಸಿರುತ್ತದೆ. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಮಲೆನಾಡಿನ ಕೆಂಪು ಮಣ್ಣು ಕಣ್ಣಮುಂದೆ ಬರುವುದು ಸಹಜವಾದರೂ ಜಿಲ್ಲೆಯ ಈಶಾನ್ಯ ಭಾಗ ಬಯಲುಸೀಮೆಗೆ ಸೇರಿದ್ದು. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದು ಈಗ ಅಜ್ಜಂಪುರ ತಾಲ್ಲೂಕಿಗೆ ಸೇರಿರುವ ಶಿವನಿ ಮತ್ತು ಅದರ ಸುತ್ತಣ ಪ್ರದೇಶದಲ್ಲಿ ಎರೆಮಣ್ಣು, ಅಂದರೆ ಕಪ್ಪು ಹತ್ತಿಮಣ್ಣು, ಹರಡಿಕೊಂಡಿದೆ. ತೇವವನ್ನು ಬಹುಕಾಲ ಹಿಡಿದಿಡುವ ಈ ಮಣ್ಣು ರೈತನಿಗೆ ವರ; ಮನೆ ಕಟ್ಟುವವನಿಗೆ ಅದೇ ಗುಣ ತೊಡಕು. ಈ ತೊಡಕಿನ ಕಾರಣ ಮತ್ತು ಪರಿಹಾರಗಳ ಬಗ್ಗೆ ಕಳೆದ ಐದಾರು ದಶಕಗಳಲ್ಲಿ ನಡೆದ ಸಂಶೋಧನೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು.

ಎರೆಮಣ್ಣಿನ ಸ್ವಭಾವ

ಎರೆಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಪ್ರಧಾನವಾಗಿರುತ್ತದೆ. ಎರಡು ಸಿಲಿಕಾ ಹಾಳೆಗಳ ನಡುವೆ ಒಂದು ಅಲ್ಯೂಮಿನಾ ಹಾಳೆ ಸೇರಿ ಆಗುವ ಇದರ ಪದರಗಳು ಪರಸ್ಪರ ಸಡಿಲವಾಗಿ ಬೆಸೆದುಕೊಂಡಿರುತ್ತವೆ. ಮಳೆಗಾಲದಲ್ಲಿ ನೀರು ಪದರಗಳ ನಡುವೆ ನುಸುಳಿ ಅವುಗಳನ್ನು ಅಗಲಿಸುವುದರಿಂದ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಕುಗ್ಗಿ, ನೆಲ ಬಿರಿಯುತ್ತದೆ.

ಉಬ್ಬುವ ಮಣ್ಣು ತನ್ನ ಮೇಲಿನ ಭಾರವನ್ನು ಎತ್ತಲು ಯತ್ನಿಸುತ್ತದೆ. ಬಹು ಅಂತಸ್ತಿನ ಕಟ್ಟಡದ ಭಾರ ಈ ಒತ್ತಡವನ್ನು ಸ್ವಲ್ಪಮಟ್ಟಿಗಾದರೂ ಅದುಮಿ ಹಿಡಿಯಬಲ್ಲದು. ಒಂದೇ ಅಂತಸ್ತಿನ ಹಗುರವಾದ ಮನೆ, ಶಾಲೆಯ ಕೊಠಡಿ, ಕಾಂಪೌಂಡ್ ಗೋಡೆ, ಕಾಲುವೆಯ ಒಳಹಾಸುಗಳಿಗೆ ಆ ಬಲವಿಲ್ಲ. ಆದ್ದರಿಂದ ಎರೆಭೂಮಿಯಲ್ಲಿ ಹೆಚ್ಚು ಹಾನಿಗೊಳಗಾಗುವವು ಸಣ್ಣ ಕಟ್ಟಡಗಳೇ. ಮನೆಯ ಅಂಚಿನ ಮಣ್ಣು ಋತುಮಾನಕ್ಕೆ ತಕ್ಕಂತೆ ನೆನೆದು ಒಣಗುತ್ತಿದ್ದರೆ ನಡುವಿನ ಮಣ್ಣು ಹೆಚ್ಚು ಕಡಿಮೆ ಒಂದೇ ಸ್ಥಿತಿಯಲ್ಲಿರುತ್ತದೆ. ಈ ಅಸಮ ಚಲನೆಯೇ ಕಿಟಕಿ ಬಾಗಿಲುಗಳ ಮೂಲೆಗಳಿಂದ ಓರೆಯಾಗಿ ಏರುವ ಬಿರುಕುಗಳಿಗೆ ಕಾರಣ. ಅವುಗಳಿಗೆ ಗಾರೆ ಮೆತ್ತಿದರೆ ಮುಂದಿನ ಬೇಸಿಗೆಯಲ್ಲಿ ಮತ್ತೆ ತೆರೆದುಕೊಳ್ಳುವುದೂ ಇದರಿಂದಲೇ.

ಗುರುತಿಸುವ ಪರೀಕ್ಷೆ

ಕಪ್ಪಾಗಿರುವ ಮಣ್ಣೆಲ್ಲ ಒಂದೇ ಪ್ರಮಾಣದಲ್ಲಿ ಉಬ್ಬುವುದಿಲ್ಲ. ಮಣ್ಣಿನ ಉಬ್ಬುವ ಗುಣವನ್ನು ಸುಲಭವಾಗಿ ಅಳೆಯಲು ಭಾರತೀಯ ಮಾನಕ 2720ರ 40ನೆಯ ಭಾಗ (1977) ಮುಕ್ತ ಉಬ್ಬು ಸೂಚ್ಯಂಕದ ಪರೀಕ್ಷೆಯನ್ನು ನಿಗದಿಪಡಿಸಿತು. ಆದರೆ ಕೆಯೊಲಿನೈಟ್ ಪ್ರಧಾನವಾದ ಮಣ್ಣುಗಳಲ್ಲಿ ಈ ಸೂಚ್ಯಂಕ ಋಣಾತ್ಮಕವಾಗಿ ಬರುವ ತೊಡಕಿತ್ತು. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಕೆ. ಪ್ರಕಾಶ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಧರನ್ ಅವರು 2004ರಲ್ಲಿ ಪ್ರಕಟಿಸಿದ ‘ಮುಕ್ತ ಉಬ್ಬು ಅನುಪಾತ’ ಈ ತೊಡಕನ್ನು ನಿವಾರಿಸಿತು.

ಇದರ ವಿಧಾನ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣಿನಿಂದ ತಲಾ 10 ಗ್ರಾಂ ತೆಗೆದು, 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ಒಂದರಲ್ಲಿ ಶುದ್ಧೀಕರಿಸಿದ ನೀರಿನೊಡನೆ, ಇನ್ನೊಂದರಲ್ಲಿ ಸೀಮೆಎಣ್ಣೆಯೊಡನೆ ಕಲಸಿ ಇಡಬೇಕು. ಮಣ್ಣು ಪೂರ್ತಿಯಾಗಿ ತಳಕ್ಕಿಳಿದ ಮೇಲೆ ನೀರಿನ ಜಾಡಿಯಲ್ಲಿನ ಗಾತ್ರವನ್ನು ಎಣ್ಣೆಯ ಜಾಡಿಯಲ್ಲಿನ ಗಾತ್ರದಿಂದ ಭಾಗಿಸಿದರೆ ಅನುಪಾತ ದೊರೆಯುತ್ತದೆ. ಒಂದಕ್ಕಿಂತ ಕಡಿಮೆಯಿದ್ದರೆ ಉಬ್ಬುವ ಭಯವಿಲ್ಲ, 1.5ರಿಂದ 2ರವರೆಗೆ ಮಧ್ಯಮ. 2ರಿಂದ 4ರವರೆಗೆ ಅಧಿಕ. 4ನ್ನು ಮೀರಿದರೆ ಅತ್ಯಧಿಕ. ದುಬಾರಿ ಉಪಕರಣಗಳನ್ನು ಬೇಡದ ಈ ಪರೀಕ್ಷೆಯನ್ನು ಗ್ರಾಮ ಮಟ್ಟದಲ್ಲಿಯೂ ನಡೆಸಬಹುದು.

ತಳಪಾಯದ ಪರಿಹಾರಗಳು

ತೇವದ ಏರಿಳಿತ ತಲುಪದ ಆಳಕ್ಕೆ ತಳಪಾಯವನ್ನು ಇಳಿಸುವುದು ಮೊದಲನೆಯ ಮಾರ್ಗ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಈ ತತ್ತ್ವವನ್ನೇ ಅನುಸರಿಸುತ್ತದೆ. ನೆಲದಲ್ಲಿ ಕೊರೆದ ರಂಧ್ರದ ಕೆಳಭಾಗವನ್ನು ಗಡ್ಡೆಯ ಆಕಾರದಲ್ಲಿ ಹಿಗ್ಗಿಸಿ ಕಾಂಕ್ರೀಟ್ ತುಂಬಲಾಗುತ್ತದೆ. ಗಡ್ಡೆಯ ವ್ಯಾಸ ಸಾಮಾನ್ಯವಾಗಿ ಕಂಬದ ವ್ಯಾಸದ ಎರಡೂವರೆ ಪಟ್ಟು. ಆಳವಾದ ಎರೆಮಣ್ಣಿನಲ್ಲಿ ಪೈಲ್ ಕನಿಷ್ಠ 3.5 ಮೀಟರ್ ಇಳಿಯಬೇಕೆಂದು ಭಾರತೀಯ ಮಾನಕ 2911 ವಿಧಿಸುತ್ತದೆ. ಪೈಲುಗಳ ಮೇಲಿನ ತೊಲೆಗೂ ನೆಲಕ್ಕೂ ನಡುವೆ ತೆರವು ಬಿಡುವುದು ಅವಶ್ಯ. ಇಲ್ಲವಾದರೆ ಉಬ್ಬಿದ ಮಣ್ಣು ತೊಲೆಯನ್ನೇ ಮೇಲೆತ್ತುತ್ತದೆ. ಈ ಮಾರ್ಗ ವಿಶ್ವಾಸಾರ್ಹವಾದರೂ ಸಿಮೆಂಟು, ಉಕ್ಕು, ನುರಿತ ಕೆಲಸಗಾರರನ್ನು ಬೇಡುತ್ತದೆ.

ಎರಡನೆಯ ಮಾರ್ಗ ಮಣ್ಣಿಗೆ ಮಣ್ಣನ್ನೇ ಮದ್ದಾಗಿಸುವುದು. ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರೊ. ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಮೇಲ್ಪದರ ಬಹಳವಾಗಿ ಉಬ್ಬಿದರೂ ಸುಮಾರು ಒಂದು ಮೀಟರಿನ ಕೆಳಗೆ ಆ ಚಲನೆ ಗಣನೀಯವಾಗಿ ಕುಗ್ಗುವುದನ್ನು ಗಮನಿಸಿದರು. ಮೇಲಿನ ಪದರದ ಸಂಸಕ್ತಿಬಲವೇ ಕೆಳಗಿನ ಮಣ್ಣನ್ನು ತಡೆಹಿಡಿಯುವುದಾದರೆ, ಅದೇ ಕೆಲಸವನ್ನು ಅಂಟುಗುಣವಿದ್ದರೂ ಉಬ್ಬದ ಬೇರೊಂದು ಮಣ್ಣಿನ ಪದರದಿಂದ ಮಾಡಿಸಬಹುದೆಂಬುದು ಅವರ ತರ್ಕ. ಮಲಪ್ರಭಾ ಬಲದಂಡೆ ಕಾಲುವೆಯಲ್ಲಿ ಈ ವಿಧಾನ ಪ್ರಯೋಗಕ್ಕೆ ಬಂದು, ಮುಂದೆ ಎರೆಭೂಮಿಯ ಕಾಲುವೆಗಳ ಒಳಹಾಸಿಗೆ ಸಂಬಂಧಿಸಿದ ಭಾರತೀಯ ಮಾನಕ 9451ರಲ್ಲಿ ಸ್ಥಾನ ಪಡೆಯಿತು. ಮಲೆನಾಡು ಬಯಲುಸೀಮೆಗಳು ಕೂಡುವ ಸೀಮೆಯಲ್ಲಿ ಕೆಂಪು ಗರಸು ಮಣ್ಣನ್ನು ಬಹು ದೂರದಿಂದ ತರಬೇಕಾಗುವುದಿಲ್ಲವಾದ್ದರಿಂದ ಇದು ಗಮನಾರ್ಹ ಆಯ್ಕೆ. ಮರಳಿನ ಪದರ ಮಾತ್ರ ಇದಕ್ಕೆ ಬದಲಿಯಾಗದು; ಅದು ನೀರನ್ನು ಎರೆಮಣ್ಣಿಗೆ ಹರಿಸುವ ದಾರಿಯಾಗುವ ಸಂಭವವುಂಟು.

ಮೂರನೆಯದು ಸುಣ್ಣದ ಸೇರ್ಪಡೆ. ಸುಣ್ಣದ ಕ್ಯಾಲ್ಸಿಯಂ ಅಯಾನುಗಳು ಜೇಡಿಯ ಪದರಗಳ ನೀರಿನಾಸೆಯನ್ನು ತಗ್ಗಿಸುತ್ತವೆ. ಕಾಲಕ್ರಮದಲ್ಲಿ ಸಿಲಿಕಾ, ಅಲ್ಯೂಮಿನಾಗಳೊಡನೆ ವರ್ತಿಸಿ ಸಿಮೆಂಟಿನಂಥ ಬಂಧವನ್ನೂ ಉಂಟುಮಾಡುತ್ತವೆ. ಆದರೆ ಮಣ್ಣಿನಲ್ಲಿ ಸಲ್ಫೇಟ್ ಲವಣಗಳಿದ್ದರೆ ಈ ಬಲ ಕಾಲಾಂತರದಲ್ಲಿ ಕುಂದಬಹುದೆಂದು ಪಿ. ವಿ. ಶಿವಪುಲ್ಲಯ್ಯ ಮತ್ತು ಸಂಗಡಿಗರ ಅಧ್ಯಯನ (2000) ತೋರಿಸಿತು. ರಾಸಾಯನಿಕ ಪರೀಕ್ಷೆಯಿಲ್ಲದೆ ಸುಣ್ಣ ಬೆರೆಸುವುದು ಸಲ್ಲದೆಂಬುದು ಇದರ ತಾತ್ಪರ್ಯ.

ಗೋಡೆ ಮತ್ತು ಶಕ್ತಿಯ ಲೆಕ್ಕ

ಸುಸ್ಥಿರ ನಿರ್ಮಾಣದ ಚರ್ಚೆಯಲ್ಲಿ ಗೋಡೆಯ ಸಾಮಗ್ರಿಗೆ ಪ್ರಮುಖ ಸ್ಥಾನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರ ಗ್ರಾಮವನ್ನು ತನ್ನ ಕಾರ್ಯಕ್ಷೇತ್ರವಾಗಿಸಿಕೊಂಡು, ಯಂತ್ರದಲ್ಲಿ ಒತ್ತಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯ ತಂತ್ರವನ್ನು ಬೆಳೆಸಿತು. ಕೆ. ಎಸ್. ಜಗದೀಶ್ ಮತ್ತು ಬಿ. ವಿ. ವೆಂಕಟರಾಮ ರೆಡ್ಡಿ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಸುಟ್ಟ ಇಟ್ಟಿಗೆಯೊಂದಕ್ಕೆ 4.25 ಮೆಗಾಜೂಲ್ ಶಕ್ತಿ ಬೇಕಾದರೆ, ಶೇಕಡ 6ರಷ್ಟು ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆಗೆ 2.60 ಮೆಗಾಜೂಲ್ ಸಾಕು. ಮಣ್ಣಿನ ಇಟ್ಟಿಗೆಯ ಗಾತ್ರ ಸುಮಾರು ಎರಡೂವರೆ ಪಟ್ಟು ದೊಡ್ಡದಾದ್ದರಿಂದ ಸಮಾನ ಗಾತ್ರಕ್ಕೆ ತಗಲುವ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ.

ಈ ಇಟ್ಟಿಗೆಗೆ ಮರಳಿನ ಅಂಶ ಹೆಚ್ಚಿದ್ದು ಜೇಡಿ ಮಿತವಾಗಿರುವ ಮಣ್ಣು ಸೂಕ್ತ. ಎರೆಮಣ್ಣನ್ನು ನೇರವಾಗಿ ಬಳಸಲಾಗದು; ಮರಳು ಅಥವಾ ಕಲ್ಲಿನ ಪುಡಿಯಿಂದ ಜೇಡಿಯ ಪ್ರಮಾಣವನ್ನು ತಗ್ಗಿಸಿ, ಸಿಮೆಂಟಿನೊಡನೆ ಸುಣ್ಣವನ್ನೂ ಬಳಸಬೇಕಾಗುತ್ತದೆ. ಶಿವನಿಯಂಥ ಊರಿನಲ್ಲಿ ಗೋಡೆಗೂ ಮಣ್ಣಿನ ಆಯ್ಕೆಯೇ ಮೊದಲ ಪ್ರಶ್ನೆ. ಇನ್ನೊಂದು ಎಚ್ಚರವೂ ಅಗತ್ಯ: ಕೆಳಗಿನ ನೆಲ ಚಲಿಸುತ್ತಿದ್ದರೆ ಮಿತಶಕ್ತಿಯ ಉತ್ತಮ ಗೋಡೆಯೂ ಬಿರಿಯುತ್ತದೆ. ಹತ್ತು ವರ್ಷಕ್ಕೊಮ್ಮೆ ಕೆಡವಿ ಕಟ್ಟಬೇಕಾದ ಮನೆಯಲ್ಲಿ ಉಳಿಸಿದ ಶಕ್ತಿ ಉಳಿತಾಯವೆನಿಸದು.

ನೀರು ಬಂದ ಮೇಲೆ

ಭದ್ರಾ ಮೇಲ್ದಂಡೆ ಯೋಜನೆಯ ಪ್ರಕಾರ ಭದ್ರಾ ಜಲಾಶಯದಿಂದ ಎತ್ತಿದ 29.90 ಟಿ.ಎಂ.ಸಿ. ಅಡಿ ನೀರು ಅಜ್ಜಂಪುರದ ಬಳಿಯ ಸುರಂಗವನ್ನು ಹಾದು ಚಿತ್ರದುರ್ಗ ಮತ್ತು ತುಮಕೂರಿನ ಕಡೆಗೆ ಸಾಗಬೇಕಾಗಿದೆ. ಮಳೆಯನ್ನೇ ನಂಬಿದ್ದ ಎರೆಭೂಮಿ ನೀರಾವರಿಗೆ ಒಳಪಟ್ಟಾಗ ಅದರ ತೇವದ ಹಳೆಯ ಲಯ ಬದಲಾಗುತ್ತದೆ. ದಶಕಗಳಿಂದ ಒಂದು ಸ್ಥಿತಿಗೆ ಹೊಂದಿಕೊಂಡ ಮನೆಯ ಒಂದು ಬದಿಗೆ ಕಾಲುವೆಯ ಜಿನುಗು ಅಥವಾ ತೋಟದ ನೀರು ತಾಕಿದರೆ ಅದುವರೆಗೆ ಕಾಣದ ಬಿರುಕು ಕಾಣಿಸಿಕೊಳ್ಳಬಹುದು. ಗೋಡೆಯ ಸುತ್ತ ಹೊರಮುಖ ಇಳಿಜಾರಿನ ಅಗಲವಾದ ಕಟ್ಟೆ, ಬಚ್ಚಲ ನೀರನ್ನು ದೂರ ಸಾಗಿಸುವ ಚರಂಡಿ, ದೊಡ್ಡ ಮರಗಳನ್ನು ಗೋಡೆಯಿಂದ ದೂರದಲ್ಲಿ ನೆಡುವುದು, ಇವು ಅಲ್ಪ ವೆಚ್ಚದ ಮುನ್ನೆಚ್ಚರಿಕೆಗಳು. ಇವೆಲ್ಲದರ ಗುರಿ ತಳಪಾಯದ ಕೆಳಗಿನ ತೇವವನ್ನು ವರ್ಷವಿಡೀ ಒಂದೇ ಮಟ್ಟದಲ್ಲಿ ಕಾಯ್ದುಕೊಳ್ಳುವುದು.

ಪ್ರಯೋಗಾಲಯಗಳಲ್ಲಿ ಸಿದ್ಧವಾದ ಈ ಜ್ಞಾನ ಮನೆ ಕಟ್ಟುವವರಿಗೆ ನಿವೇಶನದಲ್ಲಿಯೇ ದೊರೆಯಬೇಕಾದರೆ ಗ್ರಾಮವಾರು ಮಣ್ಣಿನ ನಕ್ಷೆ ಬೇಕು. ಮುಕ್ತ ಉಬ್ಬು ಅನುಪಾತದ ಪರೀಕ್ಷೆಯನ್ನು ಆಧರಿಸಿ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ನೆರವಿನಿಂದ ಅಂಥ ನಕ್ಷೆಯನ್ನು ಸಿದ್ಧಪಡಿಸುವುದು ಕಷ್ಟಸಾಧ್ಯವಲ್ಲ. ಯಾವ ಬೀದಿಯಲ್ಲಿ ಪೈಲ್ ಅನಿವಾರ್ಯ, ಎಲ್ಲಿ ಒಂದು ಮೀಟರ್ ಗರಸು ಮಣ್ಣು ಸಾಕು, ಯಾವ ದಿಬ್ಬದ ಮಣ್ಣು ಇಟ್ಟಿಗೆಗೆ ಒದಗುತ್ತದೆ ಎಂಬುದು ಪಾಯ ತೋಡುವ ಮೊದಲೇ ತಿಳಿಯುವಂತಾದರೆ, ಎರೆಭೂಮಿಯ ಸಣ್ಣ ಮನೆಗಳೂ ದೀರ್ಘಕಾಲ ಬಾಳಿಯಾವು.