ದೇಣಿಗೆ ಓಟ: ಕಾಲಿಗಿಂತ ಮೊದಲು ರಸ್ತೆ ನೋಡ್ರಿ

ರಸ್ತೆ ಮೇಲೆ ನಡೀತಾ, ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿದ್ರೆ ಮೊದಲು ಒಂದನ್ನ ತೆಗೀರಿ. ಬೈಕ್ ಓಡಿಸ್ತಾ ಕೇಳ್ತಿದ್ರೆ ಬಂದ್ ಮಾಡ್ರಿ, ಮನೆಗೆ ಹೋಗಿ ಕೇಳಿ. ನಾವೇನೂ ಓಡಿ ಹೋಗಲ್ಲ.

ಇವತ್ತಿನ ವಿಷಯ ಮಾತ್ರ ಓಟದ್ದೇ. ಶಾಲೆಯ ಮಕ್ಕಳು ಒಂದು ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸೋಕೆ ಓಡೋದು. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಂಥ ಒಂದು ಊರನ್ನ ಕಣ್ಣ ಮುಂದೆ ಇಟ್ಟುಕೊಳ್ಳಿ. ಬಸವಣ್ಣನ ತಾಯಿ ಮಾದಲಾಂಬಿಕೆಯ ತವರು ಅಂತ ಜನ ಹೇಳುವ ಊರು ಅದು, ವಚನಗಳನ್ನ ಕಲ್ಲಲ್ಲಿ ಕೆತ್ತಿಸಿದ ಶಿಲಾ ಮಂಟಪ ಇರುವ ಊರು. 'ಚಾರಿಟಿ' ಅನ್ನೋ ಮಾತನ್ನ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ದಾಸೋಹ ಅಂದ್ರೆ ಸಾಕು. ಆದರೆ ಅಂಥ ಊರಿನ ಮಕ್ಕಳು ಓಡೋದು ಎಲ್ಲಿ? ಊರಿಂದ ಬಾಗೇವಾಡಿ ಕಡೆ ಹೋಗುವ ಡಾಂಬರು ರಸ್ತೆ ಮೇಲೆ. ಅದೇ ರಸ್ತೆ ಮೇಲೆ ಕಬ್ಬಿನ ಟ್ರ್ಯಾಕ್ಟರ್ ಬರ್ತದೆ, ಬಸ್ ಬರ್ತದೆ, ಟಂಟಂ ಬರ್ತದೆ, ಒಂದೇ ಬೈಕ್ ಮೇಲೆ ಮೂರು ಮಂದಿಯೂ ಬರ್ತಾರೆ. ಹಾಗಾಗಿ ಓಟದ ಬಗ್ಗೆ ಮಾತಾಡಬೇಕಂದ್ರೆ ರಸ್ತೆ ಬಗ್ಗೆ ಮಾತಾಡಲೇಬೇಕು.

ಒಬ್ಬ ಅಜ್ಜನ ಕಥೆ ಹೇಳ್ತೀನಿ. ಹೆಸರು ಫೌಜಾ ಸಿಂಗ್. ಪಂಜಾಬಿನ ಜಲಂಧರ್ ಹತ್ತಿರದ ಬಿಯಾಸ್ ಪಿಂಡ್ ಅನ್ನೋ ಹಳ್ಳಿಯ ರೈತ. ವಯಸ್ಸಾದ ಮೇಲೆ ಇಂಗ್ಲೆಂಡಿಗೆ ಹೋದರು, ಅಲ್ಲಿ ಓಡೋಕೆ ಶುರು ಮಾಡಿದರು. 2000ನೇ ಇಸವಿಯಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರ ವಯಸ್ಸು 89. ಓಡಿದ್ದು ಪದಕಕ್ಕಲ್ಲ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ನೆರವಾಗುವ ಒಂದು ಸಂಸ್ಥೆಗೆ ದೇಣಿಗೆ ಕೂಡಿಸೋಕೆ. 2011ರ ಅಕ್ಟೋಬರ್‌ನಲ್ಲಿ, ನೂರರ ವಯಸ್ಸಿನಲ್ಲಿ, ಟೊರಾಂಟೊದ ಮ್ಯಾರಥಾನನ್ನ 8 ಗಂಟೆ 11 ನಿಮಿಷದಲ್ಲಿ ಮುಗಿಸಿದರು. 42 ಕಿಲೋಮೀಟರ್! ಗಿನ್ನೆಸ್‌ನವರು ದಾಖಲೆ ಒಪ್ಪಲಿಲ್ಲ, ಯಾಕಂದ್ರೆ 1911ರಲ್ಲಿ ಪಂಜಾಬಿನ ಹಳ್ಳಿಯಲ್ಲಿ ಜನನ ಪ್ರಮಾಣಪತ್ರ ಕೊಡೋರು ಯಾರಿದ್ರು? ನಮ್ಮ ಮನೆಯ ಹಿರಿಯರ ಕಡೆನೂ ಅದು ಇರಲ್ಲ, ಬಿಡಿ.

ಈ ಮನುಷ್ಯನ ಸಾವು ಆಗಿದ್ದು ಹೇಗೆ ಗೊತ್ತಾ? 2025ರ ಜುಲೈ 14ರಂದು ತಮ್ಮದೇ ಊರಿನಲ್ಲಿ, ಮನೆ ಹತ್ತಿರದ ಹೆದ್ದಾರಿ ದಾಟುವಾಗ ಒಂದು ಕಾರು ಗುದ್ದಿತು. ಗುದ್ದಿದವನು ನಿಲ್ಲಿಸದೇ ಹೋದ. ಪೊಲೀಸರು ಒಂದೆರಡು ದಿನದಲ್ಲಿ ಹಿಡಿದರು, ಆದರೆ ಅಜ್ಜ ಅವತ್ತೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಲಂಡನ್, ಟೊರಾಂಟೊ, ಹಾಂಗ್‌ಕಾಂಗ್‌ನ ಬೀದಿಗಳಲ್ಲಿ ಓಡಿದವರಿಗೆ ಏನೂ ಆಗಲಿಲ್ಲ. ಯಾಕಂದ್ರೆ ಅಲ್ಲಿ ಓಟದ ದಿನ ಗಾಡಿಗಳಿಗೆ ರಸ್ತೆ ಬಂದ್. ಅವರ ಜೀವ ಹೋಗಿದ್ದು ದಿನಾ ನಡೆದಾಡುವ ದಾರಿಯಲ್ಲಿ.

ಇಡೀ ದೇಶದ್ದು ನೋಡಿದ್ರೆ, 2022ರ ಒಂದೇ ವರ್ಷದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ದಿನಕ್ಕೆ 460ಕ್ಕೂ ಹೆಚ್ಚು.

ಈಗ ದೇಣಿಗೆ ಓಟದಲ್ಲಿ ದುಡ್ಡು ಎಲ್ಲಿಂದ ಬರ್ತದೆ ಅನ್ನೋದು. ಬಹಳ ಮಂದಿಗೆ ಇದೇ ಗೊಂದಲ. ದೊಡ್ಡ ಊರುಗಳಲ್ಲಿ ಓಡುವವರು ಹೆಸರು ನೋಂದಾಯಿಸೋಕೆ ಫೀ ಕಟ್ಟುತ್ತಾರೆ. ಅದರ ಜೊತೆಗೆ, ತಾವು ಓಡ್ತೀವಿ ಅಂತ ಹೇಳಿ ಗೆಳೆಯರಿಂದ, ನೆಂಟರಿಂದ, ಕಂಪನಿಗಳಿಂದ ದೇಣಿಗೆ ಕೂಡಿಸ್ತಾರೆ. 2004ರಲ್ಲಿ ಶುರುವಾದ ಮುಂಬೈ ಮ್ಯಾರಥಾನ್, 2008ರಲ್ಲಿ ಶುರುವಾದ ಬೆಂಗಳೂರಿನ 10ಕೆ ಓಟ ಎರಡರಲ್ಲೂ ಇದೇ ಪದ್ಧತಿ. ನಮ್ಮ ವಿಜಯಪುರದ್ದೇ ವೃಕ್ಷಥಾನ್ ಹೆರಿಟೇಜ್ ರನ್ ಇದೆಯಲ್ಲ, ಅದು ಗಿಡಮರ, ಪರಂಪರೆ ಹೆಸರಿನ ಓಟ; ನಿಮ್ಮಲ್ಲಿ ಕೆಲವರು ಅದರ ಟೀ ಶರ್ಟ್ ಹಾಕ್ಕೊಂಡೇ ಇದನ್ನ ಕೇಳ್ತಿರಬಹುದು.

ಶಾಲೆಗೆ ಇಷ್ಟೆಲ್ಲ ಬೇಕಿಲ್ಲ. ಕೆನಡಾದ ಟೆರ್ರಿ ಫಾಕ್ಸ್ ಅನ್ನೋ ಹುಡುಗನ ಹೆಸರಲ್ಲಿ ಅಲ್ಲಿನ ಶಾಲೆಗಳು ವರ್ಷಾ ವರ್ಷಾ ಓಡ್ತವೆ. ಕ್ಯಾನ್ಸರ್‌ನಿಂದ ಒಂದು ಕಾಲು ಕಳಕೊಂಡಿದ್ದ ಟೆರ್ರಿ, 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು 143 ದಿನ ಓಡಿದ, ಒಟ್ಟು 5,373 ಕಿಲೋಮೀಟರ್. ಕ್ಯಾನ್ಸರ್ ಸಂಶೋಧನೆಗೆ ದೇಶದ ಪ್ರತಿಯೊಬ್ಬರೂ ಒಂದು ಡಾಲರ್ ಕೊಡಲಿ ಅನ್ನೋದು ಅವನ ಆಸೆ. ಮರುವರ್ಷದ ಫೆಬ್ರವರಿ ಹೊತ್ತಿಗೆ ಅಷ್ಟೂ ಕೂಡಿತು. ಅವನು ಓಡಿದ್ದೂ ಹೆದ್ದಾರಿ ಮೇಲೆಯೇ. ಗೆಳೆಯ ವ್ಯಾನ್ ಓಡಿಸಿಕೊಂಡು ಜೊತೆಗಿದ್ದ. ಆದರೂ ಕ್ವಿಬೆಕ್ ಅನ್ನೋ ಪ್ರಾಂತ್ಯದಲ್ಲಿ ಗಾಡಿಯವರು ಅವನನ್ನ ರಸ್ತೆಯಿಂದ ಕೆಳಗೆ ಇಳಿಸಿದ್ರು. ಒಂಟಾರಿಯೊದಲ್ಲಿ ಪೊಲೀಸ್ ಗಾಡಿ ಬೆಂಗಾವಲಿಗೆ ಬಂದ ಮೇಲೆ ಓಟ ಸಲೀಸಾಯ್ತು.

ಅದಕ್ಕೇ ನನ್ನ ಅಭಿಪ್ರಾಯ ಕೇಳಿದ್ರೆ, ಹಳ್ಳಿ ಶಾಲೆಯ ಮೊದಲ ಓಟ ಶಾಲೆಯ ಮೈದಾನದಲ್ಲೇ ಆಗಲಿ. ಸುಣ್ಣದ ಗೆರೆ ಎಳೆದು 200 ಮೀಟರಿನ ಸುತ್ತು ಮಾಡಿದ್ರೆ 25 ಸುತ್ತಿಗೆ 5 ಕಿಲೋಮೀಟರ್. ಒಬ್ಬೊಬ್ಬರು ಮೂರು ಜನರ ಹತ್ತಿರ 'ನಾ ಓಡಿದ ಒಂದು ಸುತ್ತಿಗೆ ಎರಡು ರೂಪಾಯಿ ಕೊಡ್ರಿ' ಅಂತ ಒಪ್ಪಿಸಿ ಬರೋದು. 60 ಮಕ್ಕಳು ತಲಾ 10 ಸುತ್ತು ಓಡಿದ್ರೆ 3,600 ರೂಪಾಯಿ. ಶಾಲೆಗೆ ಒಂದು ಒಳ್ಳೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಬರ್ತದೆ, ಮಿಕ್ಕ ದುಡ್ಡಿಗೆ ಸೈಕಲ್‌ಗಳ ಹಿಂದೆ ಅಂಟಿಸೋಕೆ ರಿಫ್ಲೆಕ್ಟರ್ ಸ್ಟಿಕ್ಕರೂ ಬರ್ತವೆ. ಮೊದಲ ಬಹುಮಾನ, ಎರಡನೇ ಬಹುಮಾನ ಇಡಬೇಡಿ. ಗೆಲ್ಲೋಕೆ ಓಡುವವನು ಆಚೆ ಈಚೆ ನೋಡಲ್ಲ.

ಇಲ್ಲ, ಊರಲ್ಲೆಲ್ಲ ಓಡಲೇಬೇಕು ಅಂತೀರಾ? ಹಾಗಿದ್ರೆ ಒಂದು ಸಣ್ಣ ಲೆಕ್ಕ ತಿಳ್ಕೊಳ್ಳಿ. ಬೈಕೋ ಕಾರೋ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ ಅನ್ನಿ. ಅಂದ್ರೆ ಒಂದು ಸೆಕೆಂಡಿಗೆ ಸುಮಾರು 17 ಮೀಟರ್. ಓಡಿಸುವವನು ನಿಮ್ಮನ್ನ ಕಂಡು ಬ್ರೇಕ್ ಮೇಲೆ ಕಾಲಿಡೋಕೆ ಕಡಿಮೆ ಅಂದ್ರೂ ಒಂದು ಸೆಕೆಂಡ್ ಬೇಕು. ಬ್ರೇಕ್ ಹಿಡಿದ ಮೇಲೆ, ಒಣ ರಸ್ತೆಯಲ್ಲಿ, ಇನ್ನೂ 20 ಮೀಟರ್ ಆದ ಮೇಲೆ ಗಾಡಿ ನಿಲ್ಲೋದು. ಒಟ್ಟು 37 ಮೀಟರ್. ಅದೇ 40ರ ವೇಗದಲ್ಲಿದ್ರೆ 20 ಮೀಟರಿಗೇ ನಿಂತಿರ್ತದೆ. 80 ಆದ್ರೆ 58 ಮೀಟರ್, ಹೆಚ್ಚುಕಡಿಮೆ ಮೂರು ಪಟ್ಟು! ವೇಗ ಎರಡು ಪಟ್ಟಾದ್ರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗ್ತದೆ, ಭೌತಶಾಸ್ತ್ರದ ಪುಸ್ತಕದಲ್ಲಿ ಓದಿದ್ದೇ ಇದು. ರಸ್ತೆ ಮೇಲೆ ತೊಗರಿನೋ ಜೋಳಾನೋ ರಾಶಿಗೆ ಹಾಸಿದ್ರೆ ಈ ಲೆಕ್ಕಾನೂ ಕೆಡ್ತದೆ, ಟೈರಿಗೆ ಹಿಡಿತ ಸಿಗಲ್ಲ.

ಕಬ್ಬು ನುರಿಸುವ ದಿನಗಳಲ್ಲಿ ಇನ್ನೊಂದು ತೊಂದರೆ. ಎರಡು ಟ್ರೇಲರ್ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರಲ್ಲ, ರಿಫ್ಲೆಕ್ಟರ್ ಇರಲ್ಲ, ಇದ್ರೂ ಕಬ್ಬಿನ ಗರಿ ಮುಚ್ಚಿರ್ತದೆ. ನಸುಕಿನಲ್ಲಿ ಓಟದ ಅಭ್ಯಾಸಕ್ಕೆ ಹೋಗುವವರು, ಟ್ಯೂಷನ್‌ಗೆ ಸೈಕಲ್ ಮೇಲೆ ಹೋಗುವವರು ಇದನ್ನ ನೆನಪಲ್ಲಿ ಇಟ್ಕೋಬೇಕು. ತಿಳಿ ಬಣ್ಣದ ಅಂಗಿ ಹಾಕ್ಕೊಳ್ಳಿ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಗಡೆ ನಡೀರಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣ್ತಿರಬೇಕು. ಚಿಕ್ಕಂದಿನಿಂದ 'ಎಡಗಡೆ ನಡೀ' ಅಂತ ಕೇಳಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಹುದು. ಎಡಗಡೆಯ ನಿಯಮ ಗಾಡಿಗೆ, ಸೈಕಲ್ಲಿಗೆ. ಕಾಲಲ್ಲಿ ನಡೆಯುವವರು ಬೆನ್ನಹಿಂದೆ ಬರೋದನ್ನ ಹೇಗೆ ನೋಡ್ತಾರೆ ಹೇಳಿ?

ಈಗ ವಿದ್ಯಾರ್ಥಿಗಳ ಜವಾಬ್ದಾರಿ. ರಸ್ತೆ ಓಟ ಅಂದ್ರೆ ಮೊದಲು ಪೊಲೀಸ್ ಠಾಣೆಯ ಅನುಮತಿ ಬೇಕು, ದಾರಿಯ ನಕ್ಷೆ ಬೇಕು. ಅದು ದೊಡ್ಡವರ ಕೆಲಸ. ಆಮೇಲೆ ಸ್ವಯಂಸೇವಕರು ಅಂತ ಒಂಬತ್ತನೇ, ಹತ್ತನೇ ಕ್ಲಾಸಿನವರನ್ನ ಕೂಟಿನಲ್ಲಿ ನಿಲ್ಲಿಸ್ತಾರೆ, ಕೈಗೆ ಒಂದು ಬಾವುಟ, ಬಾಯಿಗೆ ಒಂದು ಸೀಟಿ. ಇಲ್ಲಿ ಬಹಳ ಕಡೆ ತಪ್ಪು ತಿಳುವಳಿಕೆ ಇದೆ. ಗಾಡಿ ನಿಲ್ಲಿಸೋದು ನಿಮ್ಮ ಕೆಲಸ ಅಲ್ಲ. ಹದಿನೈದು ವರ್ಷದ ಹುಡುಗಿ ರಸ್ತೆ ನಡುವೆ ನಿಂತು ಕೈ ಅಡ್ಡ ಮಾಡಿದ್ರೆ ಲಾರಿ ನಿಲ್ಲಬೇಕು ಅಂತೇನಿಲ್ಲ. ಅದು ಪೊಲೀಸರದ್ದು. ನಿಮ್ಮ ಕೆಲಸ ಓಡುವವರನ್ನ ನಿಲ್ಲಿಸೋದು. ಗಾಡಿ ಬರ್ತಿದ್ರೆ ಬಾವುಟ ಅಡ್ಡ ಹಿಡಿದು 'ನಿಲ್ರಿ' ಅನ್ನೋದು, ರಸ್ತೆ ಖಾಲಿ ಆದ ಮೇಲೆ ಬಿಡೋದು. ನಿಮ್ಮ ಅಣ್ಣನೇ ಓಡಿ ಬಂದ್ರೂ, ಹೆಡ್ ಮಾಸ್ತರೇ ಬಂದ್ರೂ ಅದೇ.

ದುಡ್ಡಿನ ಜವಾಬ್ದಾರಿನೂ ಹಾಗೇ. ಯಾರು ಎಷ್ಟು ಕೊಟ್ಟರು ಅನ್ನೋದನ್ನ ಒಂದು ವಹಿಯಲ್ಲಿ ಬರೆದು, ಕೊಟ್ಟವರ ಸಹಿ ತಗೊಳ್ಳಿ. ಯಾರದ್ದೋ ಸ್ವಂತ ಫೋನಿನ ಕ್ಯೂಆರ್ ಕೋಡ್ ತೋರಿಸಿ ದೇಣಿಗೆ ಪಡೀಬೇಡಿ, ಎಷ್ಟೇ ಸುಲಭ ಅನ್ನಿಸಿದ್ರೂ. ಹಣ ಶಾಲೆಯ ಖಾತೆಗೆ ಹೋಗಲಿ. ಲೆಕ್ಕ ಎಸ್‌ಡಿಎಂಸಿ ಸಭೆಯಲ್ಲಿ ಓದಲಿ, ಕೊಟ್ಟವರೂ ಕೇಳಲಿ.

ಇನ್ನು, ಓಟ ಮುಗಿದ ಮೇಲೆ ಬಹಳ ಹುಡುಗರು ಮನೆಗೆ ಹೋಗೋದು ಹೇಗೆ? ಅಪ್ಪನ ಬೈಕ್ ಮೇಲೆ, ತಾವೇ ಓಡಿಸಿಕೊಂಡು. ಇದನ್ನ ಮೆತ್ತಗೆ ಹೇಳೋಕೆ ಆಗಲ್ಲ. 18 ತುಂಬದೆ ಬೈಕ್ ಓಡಿಸೋ ಹಾಗಿಲ್ಲ. 16ಕ್ಕೆ ಲೈಸೆನ್ಸ್ ಸಿಗೋದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ನಿಮ್ಮ ಮನೆ ಮುಂದೆ ನಿಂತಿರೋದು ಅದಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ 199ಎ ಅನ್ನೋ ಸೆಕ್ಷನ್ ಸೇರಿಸಿದ್ದಾರೆ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ಆದ್ರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. 'ನನಗೆ ಗೊತ್ತಿಲ್ಲದೆ ಒಯ್ದಾನ್ರಿ' ಅಂತ ಅಪ್ಪ ಅಂದ್ರೆ ಸಾಲದು, ಅದನ್ನ ಅವರೇ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಮ್ಮ ರಾಜ್ಯದ ಕೋರ್ಟುಗಳು ತಂದೆ ತಾಯಿಗೆ ಈ 25,000 ದಂಡ ಹಾಕಿದ ಸುದ್ದಿ ಆಗಾಗ ನೋಡ್ತೀರಿ.

ದಂಡಕ್ಕಿಂತ ದೊಡ್ಡದು ವಿಮೆ. ಲೈಸೆನ್ಸ್ ಇಲ್ಲದವನ ಗಾಡಿಯಿಂದ ಯಾರಾದ್ರೂ ಸತ್ತರೆ, ವಿಮಾ ಕಂಪನಿ ಆ ಕುಟುಂಬಕ್ಕೆ ಪರಿಹಾರ ಕೊಟ್ಟರೂ, ಆ ಹಣವನ್ನ ಗಾಡಿ ಮಾಲೀಕರಿಂದ ವಸೂಲಿ ಮಾಡೋಕೆ ಬರಬಹುದು. ಲಕ್ಷಗಟ್ಟಲೆ. ಎರಡು ಎಕರೆ ಹೊಲ ಇರುವ ಮನೆಯಲ್ಲಿ ಅದು ಎಲ್ಲಿಂದ ಬರ್ತದೆ ಅಂತ ನೀವೇ ಯೋಚನೆ ಮಾಡಿ. ಹಿಂದೆ ಕೂತರೆ ಹೆಲ್ಮೆಟ್ ಬೇಡ ಅಂತಲೂ ಅನ್ಕೋಬೇಡಿ. ನಾಲ್ಕು ವರ್ಷ ದಾಟಿದ ಎಲ್ಲರಿಗೂ ಬೇಕು, ಐಎಸ್‌ಐ ಗುರುತು ಇರೋದು.

ಕೊನೆಗೆ, ಅಪಘಾತ ಕಣ್ಣೆದುರಿಗೇ ಆದ್ರೆ? ಫೋನ್ ಕೈಯಲ್ಲೇ ಇರ್ತದೆ. ವಿಡಿಯೋ ಮಾಡೋದಲ್ಲ, 112 ಅಥವಾ 108 ಒತ್ತಿ. ರಾಷ್ಟ್ರೀಯ ಹೆದ್ದಾರಿ ಆದ್ರೆ 1033 ಕೂಡ ಇದೆ. ಯಾವ ಊರು, ಯಾವ ಕಡೆಗೆ ಹೋಗುವ ರಸ್ತೆ, ಹತ್ತಿರದಲ್ಲಿ ಗುಡಿನೋ ಪೆಟ್ರೋಲ್ ಬಂಕೋ ಏನಿದೆ ಅಂತ ಹೇಳಿ. ಕುತ್ತಿಗೆಗೆ ಪೆಟ್ಟಾಗಿದ್ರೆ ಎಳೆದಾಡಬೇಡಿ, ರಕ್ತ ಬರ್ತಿದ್ರೆ ಶುಭ್ರ ಬಟ್ಟೆ ಒತ್ತಿ ಹಿಡೀರಿ. 'ಕೋರ್ಟು ಕಚೇರಿ ಅಲೆಯೋದು ಯಾರಿಗೆ ಬೇಕು' ಅಂತ ದೊಡ್ಡವರು ತಡೆದ್ರೆ ಅವರಿಗೆ ಹೇಳಿ: ಗಾಯಾಳುವಿಗೆ ಸಹಾಯ ಮಾಡಿದವರನ್ನ ಪೀಡಿಸಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಈಗ ಕಾಯ್ದೆಯ 134ಎ ಸೆಕ್ಷನ್ನಿನಲ್ಲೂ ಅದು ಇದೆ. ಹೆಸರು ಹೇಳಲೇಬೇಕು ಅನ್ನೋ ಒತ್ತಾಯ ಕೂಡ ಇಲ್ಲ.

ನಿಮ್ಮ ಶಾಲೆಯಲ್ಲಿ ಇಂಥ ಓಟ ಮಾಡೋ ಯೋಚನೆ ಇದ್ರೆ ದಾರಿಯ ನಕ್ಷೆ ಬರೆಯುವ ದಿನ ನೀವೂ ಹೋಗಿ ಕೂತ್ಕೊಳ್ಳಿ. ಯಾವ ತಿರುವಿನಲ್ಲಿ ಗಾಡಿ ಜೋರು ಬರ್ತದೆ, ಎಲ್ಲಿ ಹಂಪ್ ಇಲ್ಲ, ಯಾವ ಹೊತ್ತಿಗೆ ಬಸ್ಸು ಅನ್ನೋದು ಅಲ್ಲಿ ದಿನಾ ನಡೆಯುವ ನಿಮಗೇ ಹೆಚ್ಚು ಗೊತ್ತು. ಮತ್ತೆ ಸಿಗೋಣ, ಬರ್ತೀನ್ರಿ.